ಮೀನಿಲ್ಲದ ತೊಟ್ಟಿ

ಅಫಜಲಪುರದ ನಮ್ಮ ಪಡಸಾಲೆಯಲ್ಲಿ ಹವಳ ಬೆಳೆಸುತ್ತೇನೆಂದು ಗಾಜಿನ ತೊಟ್ಟಿ ತಂದಾಗ ಹೆಂಡತಿ ನಕ್ಕಳು. ಬೋರಿನ ಸವುಳು ನೀರು ಹವಳಕ್ಕೆ ಆಗದು. ಫಿಲ್ಟರ್ ನೀರಿನ ಕ್ಯಾನು ತಂದು, ಅದಕ್ಕೆ ಸಮುದ್ರದ ಉಪ್ಪು ಬೆರೆಸಬೇಕು. "ಕುಡಿಯೋ ನೀರಿಗಿ ಉಪ್ಪು ಹಾಕ್ತೀರಲ್ಲ, ಭಾಳ ಶಾಣ್ಯಾ ಅದೀರಿ ಬಿಡ್ರಿ" ಅನ್ನುತ್ತಲೇ ಬಕೆಟ್ಟಿನಲ್ಲಿ ಅಷ್ಟೂ ಉಪ್ಪು ಕರಗಿಸಿದವಳೂ ಅವಳೇ.

ಕಲ್ಲು ಜೋಡಿಸಿ ತಿಂಗಳೊಪ್ಪತ್ತು ಹವಳ, ಮೀನು ಏನೂ ಇಲ್ಲದೆ ಬಿಡಬೇಕು, ನೀರು ಹದಕ್ಕೆ ಬರುವ ತನಕ. ಮೂರನೇ ವಾರ ಅವಳು ತೀರಿಕೊಂಡಳು.

ಮಾತಾಡಿಸಲು ಬಂದವರು ತೊಟ್ಟಿಯ ಎದುರೇ ಕೂತರು. "ಸೊನ್ನ ಬ್ಯಾರೇಜಿನ ಹೊಳಿ ಮೀನ ತಂದು ಬಿಡ್ಲೇನ್ರಿ?" ಎಂದರು ಪಕ್ಕದ ಮನೆಯವರು.

"ಉಪ್ಪಿಗಿ ಸಾಯ್ತಾವ್ರಿ" ಎಂದೆ. ಎಲ್ಲರೂ ನೆಲ ನೋಡಿದರು. ನನಗೇನೂ ಅನ್ನಿಸಲಿಲ್ಲ.

ವರ್ಷವಾಯಿತು. ಮೀನು ತಂದಿಲ್ಲ, ಹವಳವೂ ಇಲ್ಲ. ಪಂಪು ಮಾತ್ರ ಓಡುತ್ತಿದೆ. ನಮ್ಮ ಬಿಸಿಲಿಗೆ ದಿನಾ ಒಂದು ಬೆರಳು ನೀರು ಇಳಿಯುತ್ತದೆ, ಅಷ್ಟು ಸಿಹಿನೀರು ಹಾಕುತ್ತೇನೆ. ಉಪ್ಪು ಮಾತ್ರ ಹಾಕುವಂತಿಲ್ಲ. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ. ಅವಳು ಕರಗಿಸಿದ್ದು ಅಷ್ಟೂ ಅಲ್ಲೇ ಇದೆ.