ಇದ್ದಲಿ ತುಟ್ಟಿಯಾದ ಚಳಿಗಾಲ

ಬಳ್ಳಾರಿಯಲ್ಲಿ ಚಳಿ ಅಂದರೆ ಹೊರಗಿನವರು ನಗುತ್ತಾರೆ. ಅವರು ಪುಷ್ಯ ಮಾಸದ ಬೆಳಗಿನ ಜಾವದಲ್ಲಿ ನಮ್ಮ ಮನೆಯ ಕಲ್ಲುಹಾಸಿನ ಮೇಲೆ ಮಲಗಿ ನೋಡಿಲ್ಲ. ಕೋಟೆ ಗುಡ್ಡದ ಬಂಡೆ ಬೇಸಿಗೆಯಲ್ಲಿ ಹೇಗೆ ಕಾಯುತ್ತಿತ್ತೋ ಚಳಿಗಾಲದಲ್ಲಿ ಹಾಗೆಯೇ ತಣ್ಣಗಾಗುತ್ತಿತ್ತು. ಆ ಕಡೆಯಿಂದ ಬೀಸುವ ಗಾಳಿ ಬಾಗಿಲ ಸಂದಿಯಲ್ಲಿ ನುಗ್ಗಿ ನೆಲದ ಮೇಲೆ ಮಲಗಿದವರನ್ನು ಹುಡುಕಿಕೊಂಡು ಬರುತ್ತಿತ್ತು.

ನಮ್ಮದು ನೇಕಾರರ ಮನೆ. ಒಂದೇ ಕೋಣೆ. ಅರ್ಧ ಮಗ್ಗಕ್ಕೆ, ಅರ್ಧ ನಮಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೂಲು ಬರುವುದು ನಿಂತು, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಅಪ್ಪನ ಕುಣಿಮಗ್ಗ ಸುಮ್ಮನೆ ಕೂತಿತು. ಅಪ್ಪ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊರಲು ಹೋಗುತ್ತಿದ್ದ; ಕರೆದ ದಿನ ಕೂಲಿ, ಕರೆಯದ ದಿನ ಇಲ್ಲ. ಆ ಕೂಲಿ ಜೋಳಕ್ಕೆ ಹೇಗೋ ಸಾಲುತ್ತಿತ್ತು. ಒಲೆಗೆ ಹಾಕುವ ಕಟ್ಟಿಗೆಗೆ ಸಾಲುತ್ತಿರಲಿಲ್ಲ.

ಅಂಥ ಚಳಿಗಾಲದಲ್ಲಿ ಅಕ್ಕ ಚೊಚ್ಚಲ ಬಾಣಂತನಕ್ಕೆ ಕುರುಗೋಡಿನಿಂದ ಬಂದಳು. ಬಸ್ಸಿಗೆ ಆಗ ಪೆಟ್ರೋಲು ಸಿಗುತ್ತಿರಲಿಲ್ಲ. ಬೆನ್ನಿಗೆ ದೊಡ್ಡ ಕಬ್ಬಿಣದ ಡಬ್ಬ ಕಟ್ಟಿ, ಅದರಲ್ಲಿ ಇದ್ದಲಿ ಉರಿಸಿ, ಆ ಹೊಗೆಯಿಂದ ಬಸ್ಸು ಓಡಿಸುತ್ತಿದ್ದರು. ಅಕ್ಕ ಇಳಿದಾಗ ಅವಳ ಸೆರಗೆಲ್ಲ ಮಸಿ. ನಾನು ನಕ್ಕೆ. ಅವ್ವ ನಗಲಿಲ್ಲ, ಅವಳ ಕಣ್ಣು ಆ ಡಬ್ಬದೊಳಗಿನ ಕೆಂಡದ ಮೇಲಿತ್ತು.

ಬಂದ ಕೆಲವು ದಿನಕ್ಕೇ ಅಕ್ಕ ಹೆತ್ತಳು. ಬಾಣಂತಿಗೆ ದಿನಾ ಹಂಡೆಗಟ್ಟಲೆ ಸುಡುನೀರು ಬೇಕು. ಅವಳು ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಹಗಲೂ ರಾತ್ರಿ ಕೆಂಡ ಬೇಕು. ಅಪ್ಪ ಬುಟ್ಟಿ ಹಿಡಿದು ಕಟ್ಟಿಗೆ ಅಡ್ಡೆಗೆ ಹೋದಾಗ ನಾನೂ ಜೊತೆಗಿದ್ದೆ. ಅಡ್ಡೆಯ ಸಾಹುಕಾರ ಎಲೆ ಅಡಿಕೆ ಅಗಿಯುತ್ತಲೇ ಹೇಳಿದ:

"ಬಸ್ಸಿನವ್ರು ಚೀಲಗಟ್ಟಲೆ ಒಯ್ತಾರ, ಕೇಳಿದ ರೇಟು ಕೊಡ್ತಾರ. ನಿನಗ ಬುಟ್ಟಿ ಬುಟ್ಟಿ ಅಳಕೊಂತ ಕುಂದ್ರಲೇನು?"

"ಮನ್ಯಾಗ ಬಾಣಂತಿ ಅದಾಳ್ರಿ, ಸಾವ್ಕಾರ್ರ."

"ಬಾಣಂತಿ ನನ್ನ ಮನ್ಯಾಗೂ ಅದಾಳ. ಆಕಿಗೇನು ನಾ ಪುಕ್ಕಟೆ ತಂದೀನೇನು?"

ಅವನ ಹಿಂದೆ ಇದ್ದಲಿಯ ರಾಶಿ ಮಾಳಿಗೆ ಮುಟ್ಟುವಂತಿತ್ತು. ಅಪ್ಪ ಖಾಲಿ ಬುಟ್ಟಿಯನ್ನು ಹೆಗಲ ಮೇಲೆ ಬೋರಲು ಹಾಕಿಕೊಂಡ. ಮನೆಯ ದಾರಿ ಹಿಡಿದ.

ಮರುದಿನದಿಂದ ಅವ್ವ ನನ್ನನ್ನು ಕರೆದುಕೊಂಡು ಹಲಕುಂದಿ ದಾರಿಯ ಹೊಲಗಳಿಗೆ ಹೊರಟಳು. ಅಲ್ಲಿ ಒಕ್ಕಿ ಬಿಟ್ಟ ತೊಗರಿ ಕಟ್ಟಿಗೆ, ದಾರಿಯಲ್ಲಿ ಸೆಗಣಿ, ಸಿಕ್ಕದ್ದನ್ನೆಲ್ಲ ಆಯ್ದು ತಲೆಯ ಮೇಲೆ ಹೊತ್ತು ತರುತ್ತಿದ್ದೆವು. ತೊಗರಿ ಕಟ್ಟಿಗೆ ಭಗ್ಗನೆ ಉರಿದು ಬೂದಿಯಾಗುತ್ತಿತ್ತು. ನೀರು ಕಾಯುತ್ತಿತ್ತು ನಿಜ, ಆದರೆ ಕೆಂಡ ನಿಲ್ಲುತ್ತಿರಲಿಲ್ಲ. ಅಕ್ಕ ಹೆತ್ತು ವಾರವಾಗುವ ಮೊದಲೇ ಹೊರಸಿನ ಕೆಳಗೆ ಬರೀ ಬೂದಿ ಉಳಿಯಿತು.

ನೀರು ಹಾಕಲು ಬಂದ ಸೂಲಗಿತ್ತಿ ಕೂಸಿನ ಪಾದವನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅವ್ವನ ಕೈಯನ್ನು ಎಳೆದು ಅದರ ಮೇಲಿಟ್ಟಳು.

"ನೋಡು. ಕೂಸಿನ ಕಾಲು ಹಿಂಗ ಇರಬಾರದವ್ವಾ. ತಾಯೀನೂ ನಡುಗಾಕ ಹತ್ಯಾಳ. ನಾ ಎಣ್ಣಿ ತಿಕ್ಕಬಲ್ಲೆ, ಬೆಂಕಿ ಎಲ್ಲಿಂದ ತರ್ಲಿ?"

ಅಪ್ಪ ಹೊಸ್ತಿಲ ಹೊರಗೆ ಕೂತು ಕೇಳಿಸಿಕೊಂಡ. ಎದ್ದು ಪಕ್ಕದ ಮನೆಯಿಂದ ಕೊಡಲಿ ತಂದ. ಅವನು ಮಗ್ಗದ ಕಡೆ ನಡೆದಾಗ ಅವ್ವ ಓಡಿಬಂದು ಅಡ್ಡ ನಿಂತಳು.

"ಅದಕ್ಕ ಕೈ ಹಚ್ಚಬ್ಯಾಡ್ರಿ. ನಾಳಿ ನೂಲು ಬಂದ್ರ ಏನು ಮಾಡ್ತೀರಿ?"

"ನೂಲು ನಾಳಿ ಬರತೈತಿ," ಅಂದ ಅಪ್ಪ. "ಕೂಸು ಇವತ್ತ ತಣ್ಣಗಾಗೈತಿ. ಸರಿ ಆಕಡಿ."

ಅವನ ಅಪ್ಪ ಮಾಡಿಸಿದ ಮಗ್ಗ ಅದು. ಹಳೆಯ ಗಟ್ಟಿ ಮರ. ಮೊದಲ ಏಟು ಕೊಡಲಿಯನ್ನೇ ಹಿಂದಕ್ಕೆ ಎಗರಿಸಿತು. ಕಂಬ ಸೀಳಲು ಮಧ್ಯಾಹ್ನದವರೆಗೂ ಹಿಡಿಯಿತು. ಬಟ್ಟೆ ಸುತ್ತುವ ದಿಂಡನ್ನು ಕಡಿಯುವಾಗ ಅಪ್ಪ ಒಮ್ಮೆ ನಿಂತ; ಅಂಗೈಯಿಂದ ಅದರ ನುಣುಪನ್ನು ಸವರಿದ; ಮತ್ತೆ ಕಡಿದ. ನೂಲಿಗೆ ಹಚ್ಚುವ ಗಂಜಿಯನ್ನು ಎಷ್ಟೋ ವರ್ಷ ಕುಡಿದ ಮರ, ಉರಿಯುವಾಗ ಅನ್ನ ಸೀದ ವಾಸನೆ ಬಂತು. ಸೀರೆ ಮರೆಯ ಹಿಂದೆ ಮಲಗಿದ್ದ ಅಕ್ಕನಿಗೆ ಆ ವಾಸನೆ ತಡೆಯಲಾಗಲಿಲ್ಲ. ಅವಳೂ ಆ ಮಗ್ಗದ ಪಕ್ಕದಲ್ಲೇ ಬೆಳೆದವಳಲ್ಲವೇ?

"ಅಪ್ಪಾ, ಸಾಕು ಬಿಡು. ನನಗ ಬೆಚ್ಚಗೈತಿ," ಎಂದು ಕೂಗಿದಳು.

ನಾನು ಅವಳ ಕೈ ಮುಟ್ಟಿದೆ. ತಣ್ಣಗಿತ್ತು.

ಮಗ್ಗದ ಕೆಂಡದಲ್ಲಿ ಕೂಸು ಉಳಿಯಿತು, ಅಕ್ಕನೂ ಉಳಿದಳು. ಆದರೆ ಆ ಮೊದಲ ವಾರದ ಥಂಡಿ ಅವಳ ಕೀಲುಗಳಲ್ಲಿ ಸೇರಿಕೊಂಡಿತು. ತೊಟ್ಟಿಲಿಗೆ ಹಾಕುವ ದಿನ ಕುರುಗೋಡಿನಿಂದ ಅವಳ ಅತ್ತೆ ಬಂದಳು. ಸೊಸೆ ಗೋಡೆ ಹಿಡಿದು ಏಳುವುದನ್ನು ನೋಡಿದಳು. ಬಗ್ಗಿ ಹೊರಸಿನ ಕೆಳಗೂ ನೋಡಿದಳು.

"ಇಷ್ಟ ಕೆಂಡದಾಗ ಬಾಣಂತನ ಮಾಡೀರೇನ್ರಿ ಬೀಗರ? ನಾವು ದನದ ಕೊಟ್ಟಿಗ್ಯಾಗ ಇದಕ್ಕಿಂತ ಹೆಚ್ಚು ಹೊಗಿ ಹಾಕ್ತೀವಿ." ಆಮೇಲೆ ಮಗ್ಗದ ಖಾಲಿ ಕುಣಿ ಕಂಡು, "ಇದೇನು, ಮನ್ಯಾಗ ಗೋರಿ ತೋಡೀರಿ?" ಎಂದಳು.

ಅವ್ವ ಬಾಯಿ ತೆರೆದಳು. ಅಪ್ಪ ಬೇಡವೆಂದು ಕಣ್ಣಲ್ಲೇ ತಡೆದ. ಮಗಳಿಗಾಗಿ ಮಗ್ಗ ಉರಿಸಿದೆ ಎಂದು ಬೀಗರ ಎದುರು ಹೇಳಿಕೊಳ್ಳುವುದು ಅವನಿಗೆ ಭಿಕ್ಷೆ ಬೇಡಿದಂತೆ ಕಂಡಿರಬೇಕು. ಐದು ತಿಂಗಳು ಇರಬೇಕಾದವಳನ್ನು ಅತ್ತೆ ಅದೇ ವಾರ ಕರೆದುಕೊಂಡು ಹೋದಳು.

ಯುದ್ಧ ಮುಗಿದ ಮೇಲೆ ಸರ್ಕಾರದವರು ನೂಲು ಹಂಚಲು ಬಂದರು. ಮಗ್ಗ ಇದ್ದವರಿಗಷ್ಟೇ ನೂಲು. ಮನೆ ಮನೆ ನೋಡುತ್ತ ಬಂದ ಗುಮಾಸ್ತ ನಮ್ಮ ಕುಣಿಯ ಅಂಚಿನಲ್ಲಿ ನಿಂತು ಕೇಳಿದ, "ಮಗ್ಗ ಎಲ್ಲಿ?"

"ಉರಿಸಿದೆ, ಸ್ವಾಮಿ."

"ಕುಡಿದು ಉರಿಸಿದ್ಯೇನಲೇ?" ಎಂದು ನಕ್ಕು ಮುಂದಿನ ಮನೆಗೆ ನಡೆದ.

ಜೀವನದಲ್ಲಿ ಹೆಂಡ ಮುಟ್ಟದ ಮನುಷ್ಯ ನನ್ನ ಅಪ್ಪ. ಅವತ್ತೇ ಮಣ್ಣು ತಂದು ಕುಣಿ ಮುಚ್ಚಿದ. ನಾವು ಸಿರುಗುಪ್ಪಕ್ಕೆ ಹೋದೆವು. ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಅವನಿಗೆ ಹಮಾಲಿ ಕೆಲಸ ಸಿಕ್ಕಿತು. ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡದಂತೆ ಬಿದ್ದಿರುತ್ತಿತ್ತು. ಜಾಗ ಸಾಲದೆ ಅದಕ್ಕೆ ಬಯಲಲ್ಲೇ ಬೆಂಕಿ ಇಡುತ್ತಿದ್ದರು. ಹಗಲೂ ರಾತ್ರಿ ಯಾರಿಗೂ ಬೇಡವಾಗಿ ಉರಿಯುವ ಆ ರಾಶಿಯನ್ನು ಮೊದಲ ಸಲ ಕಂಡಾಗ ಅವ್ವ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಬೇಕಾದಷ್ಟು ತಗೊಂಡು ಹೋಗ್ರಿ ಎಂದರು ಗಿರಣಿಯವರು. ಯಾರಿಗೆ ತರುವುದು?

ಅಕ್ಕನಿಗೆ ಎರಡನೆಯದು ಹುಟ್ಟುವ ಹೊತ್ತಿಗೆ ಬೀಗರು ಅವಳನ್ನು ನಮ್ಮಲ್ಲಿಗೆ ಕಳಿಸಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ತಾನೇ ಕುರುಗೋಡಿಗೆ ಹೋದಳು. ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ಅವ್ವ ಬಾಣಂತಿಗೆ ನೀರು ಹಾಕಲು ಸೀರೆಯ ನೆರಿಗೆ ಎತ್ತಿ ಕಟ್ಟಿ ಚೆಂಬು ಹಿಡಿದಳು. ಅತ್ತೆ ಬಂದು ಆ ಚೆಂಬನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು.

"ನೀವು ಪಡಸಾಲ್ಯಾಗ ಕುಂದ್ರಿ ಬೀಗರ. ನಿಮ್ಮ ಬಾಣಂತನ ಒಮ್ಮಿ ನೋಡೀವಲ್ಲ."

ಒಳಗಿನಿಂದ ಅಕ್ಕ "ಅವ್ವಾ" ಎಂದಳು. ಬಚ್ಚಲ ಬಾಗಿಲು ಮುಚ್ಚಿತು. ಅವ್ವ ಪಡಸಾಲೆಯಲ್ಲಿ ಕೂತಳು, ಎತ್ತಿ ಕಟ್ಟಿದ ನೆರಿಗೆ ಹಾಗೇ ಇತ್ತು. ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಆ ಹೆಂಗಸಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವಳು ಸತ್ತ ಸುದ್ದಿ ಬಂದಾಗಲೂ ಇಳಿಯಲಿಲ್ಲ.

ಸಿರುಗುಪ್ಪಕ್ಕೆ ಮರಳಿದ ಸಂಜೆ ಅಪ್ಪ ಊಟಕ್ಕೆ ಕೂತಿದ್ದ.

"ಮಗಳು ಹ್ಯಾಂಗದಾಳ?"

"ಚಲೋ ಅದಾಳ್ರಿ. ಬೀಗರು ಚಲೋ ನೋಡ್ಕೊಂತಾರ."

"ನೀರು ನೀನ ಹಾಕಿದ್ಯಾ?"

ಅವ್ವ ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು.

"ಹೂಂ. ನಾನ ಹಾಕಿದೆ," ಅಂದಳು.