ಒಂದು ಕಂಪ್ಯೂಟರಿಗೆ ಎರಡು ಪಾಲಿಸಿ

ಚೆನ್ನೈನ ತಾಂಬರಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು ವಿಮಾ ಕಚೇರಿಯಿಂದ ನಿವೃತ್ತರಾದ ಮೈಸೂರು ಕಡೆಯವರು. ಯಾವ ವಸ್ತುವನ್ನು ಕಂಡರೂ ಕನ್ನಡಕ ಹಣೆಗೇರಿಸಿ, “ನಾಳೆ ಏನಾದ್ರೂ ಆದ್ರೆ?” ಎನ್ನುತ್ತಿದ್ದರು. ಹಲಸಿನ ಹಣ್ಣಿಗೂ ಅದೇ ಪ್ರಶ್ನೆ.

ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಆರಿಸಲು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಅದು ವೈರಸ್ ಹಿಡಿಯುತ್ತದೋ ಇಲ್ಲವೋ ಎಂದು ಕೇಳಲೇ ಇಲ್ಲ. ಕಂಪ್ಯೂಟರ್ ಸತ್ತರೆ ಕ್ಲೇಮ್ ಯಾರ ಹೆಸರಿಗೆ ಬರುತ್ತದೆ ಎಂದು ತಮಿಳಿನಲ್ಲಿ ವಿಚಾರಿಸಿದರು. ಅಂಗಡಿಯವನು ನನ್ನ ಮುಖ ನೋಡಿದ. ಕೊನೆಗೆ ಬೇರೆ ಬೇರೆ ಕಂಪನಿಯ ಎರಡನ್ನು ಕೊಂಡರು. ಒಂದೇ ಸಾಕು, ಎರಡಿದ್ದರೆ ಜಗಳವಾಡುತ್ತವೆ ಎಂದೆ.

“ನಾನೇ ಎಷ್ಟೋ ಜನಕ್ಕೆ ಎರಡೆರಡು ಪಾಲಿಸಿ ಮಾಡ್ಸಿದೀನಿ. ಯಾವ್ದೂ ಜಗಳ ಆಡ್ಲಿಲ್ಲ ಕಣಪ್ಪಾ.”

ಇವು ಆಡಿದವು. ಒಂದನ್ನೊಂದು ಕಳ್ಳನೆಂದು ಹಿಡಿದುಕೊಂಡು ಕೂತವು, ಕಂಪ್ಯೂಟರ್ ಅಲುಗಾಡಲಿಲ್ಲ. ಮಗಳು ಮೊಮ್ಮಗುವನ್ನು ತೋರಿಸುವ ಭಾನುವಾರದ ವಿಡಿಯೊ ಕರೆ ತಪ್ಪಿಹೋಯಿತು, ಹೆಂಡತಿ ಮಾತು ಬಿಟ್ಟರು. ವೈರಸ್ಸಿಗೆ ಹೆದರಿ ಹಾಕಿಸಿದ್ದರಲ್ಲಿ ಒಂದನ್ನು ಹೆಂಡತಿಗೆ ಹೆದರಿ ತೆಗೆಸಿದರು.

ಮುಂದಿನ ಭಾನುವಾರ ಅವರು ಬೀದಿಯಲ್ಲಿ ಸೊಪ್ಪು ಆರಿಸುತ್ತಿದ್ದಾಗ ಹೆಂಡತಿ ಬಾಲ್ಕನಿಯಿಂದ ಕೂಗಿದರು: “ಏನೂಂದ್ರೆ, ಪಾಸ್‌ವರ್ಡ್ ಏನು?”

“ನಿನ್ ಹೆಸರು, ಆಮೇಲೆ ಒನ್ ಟೂ ತ್ರೀ,” ಎಂದು ಇವರೂ ಕೂಗಿದರು.

ಗೇಟಿನ ಬಳಿ ಇಸ್ತ್ರಿ ಹಾಕುತ್ತಿದ್ದವನು ತಲೆ ಎತ್ತದೆಯೇ ತಮಿಳಿನಲ್ಲಿ ತಿದ್ದಿದ: ಅದು ಹಳೆಯದು ಸಾರ್, ಹೋದ ವಾರವೇ ಕೊನೆಗೆ ಒಂದು ಫೋರ್ ಸೇರಿಸಿದಿರಲ್ಲ.