ಮಾಳಿಗೆಯ ಮೇಲೆ ಎರಡು ಕಣ

ಅಡುಗೆಮನೆಗೆ ಇರುವೆ ಬಂದರೆ ಅರಿಶಿನ ಉದುರಿಸುವ, ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುವ ಮನೆಯಲ್ಲಿ ಬೆಳೆದವಳು ನಾನು. ಅಂಥವಳು ಇರುವೆ ಸಾಕುತ್ತೇನೆ ಎಂದಾಗ ನಮ್ಮಜ್ಜಿ ಜ್ವರವೇನಾದರೂ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಎಪ್ಪತ್ತರ ದಶಕದ ನಡುವಿನ ಮಾತು. ಧರ್ಮಪುರದ ಹತ್ತಿರದ ಹಳ್ಳಿಯೊಂದಕ್ಕೆ ಹೊಸದಾಗಿ ಟೀಚರಾಗಿ ಹೋಗಿದ್ದೆ. ಒಬ್ಬಳೇ ಇರಬಾರದೆಂದು ಬಿ.ದುರ್ಗದ ಕಡೆಯ ನಮ್ಮ ಮನೆಯಿಂದ ಅಜ್ಜಿಯನ್ನು ಜೊತೆಗೆ ಕಳಿಸಿದ್ದರು. ಚಿತ್ರದುರ್ಗದಲ್ಲಿ ತರಬೇತಿಗೆ ಇದ್ದಾಗ ಎರಡು ಗಾಜಿನ ನಡುವೆ ಮಣ್ಣು ತುಂಬಿ ಇರುವೆ ಗೂಡು ಮಾಡುವುದನ್ನು ತೋರಿಸಿಕೊಟ್ಟಿದ್ದರು. ಅದು ನನ್ನ ತಲೆಯಲ್ಲೇ ಉಳಿದಿತ್ತು.

ಮುಂಗಾರಿನ ಮೊದಲ ಮಳೆಯ ಮರುದಿನ ಶಾಲೆಯ ಅಂಗಳದಲ್ಲಿ ರೆಕ್ಕೆ ಕಳಚಿಕೊಂಡು ಓಡಾಡುತ್ತಿದ್ದ ದಪ್ಪ ಹೊಟ್ಟೆಯ ರಾಣಿಯೊಂದು ಸಿಕ್ಕಿತು. ಹೊಲದ ಬದುವಿನಲ್ಲಿ ಕಾಳು ಕೂಡಿಡುತ್ತವಲ್ಲ, ಆ ಜಾತಿ. ಬಾಟಲಿಯಲ್ಲಿ ಒದ್ದೆ ಹತ್ತಿಯ ಜೊತೆ ಕತ್ತಲಲ್ಲಿಟ್ಟೆ. ಏನೂ ತಿನ್ನದೆ, ತಾನು ಇಟ್ಟ ಮೊಟ್ಟೆಗಳನ್ನು ನೆಕ್ಕುತ್ತಾ ಕಾದಳು ಪುಣ್ಯಾತ್ಗಿತ್ತಿ. ತಿಂಗಳು ದಾಟಿದ ಮೇಲೆ ಸಾಸಿವೆಗಿಂತ ಸಣ್ಣ ಮಕ್ಕಳು ನಾಲ್ಕು ಎದ್ದು ಓಡಾಡಿದವು. ಆಮೇಲೆ ಹಿರಿಯೂರಿನಲ್ಲಿ ಫೋಟೋಗೆ ಕಟ್ಟು ಹಾಕುವವನ ಹತ್ತಿರ ಎರಡು ಗಾಜು ತಂದೆ. ನಡುವೆ ಕೆರೆಯ ಮಣ್ಣು ತುಂಬಿ, ರಾಣಿಯನ್ನೂ ಮಕ್ಕಳನ್ನೂ ಅದರೊಳಕ್ಕೆ ಬಿಟ್ಟೆ. ಗೂಡಿನಿಂದ ಮೇವಿನ ತಟ್ಟೆಗೆ ಪರಂಗಿ ಎಲೆಯ ಟೊಳ್ಳು ದಂಟೇ ದಾರಿ. ಆ ತಟ್ಟೆಯನ್ನು ನೀರು ತುಂಬಿದ ಹರಿವಾಣದಲ್ಲಿಟ್ಟೆ.

"ಇರುವೆ ಬರಬಾರ್ದು ಅಂತ ನೀರಿಡೋರು ನಾವು. ಇವಳು ಹೋಗಬಾರ್ದು ಅಂತ ಇಡ್ತಾಳೆ!" ಎಂದು ಅಜ್ಜಿ ಓಣಿಯವರಿಗೆಲ್ಲ ಹೇಳಿಕೊಂಡು ನಕ್ಕಳು.

ಆದರೆ ಮಧ್ಯಾಹ್ನ ನಾನು ಶಾಲೆಗೆ ಹೋದ ಮೇಲೆ ಕತ್ತಲಿರಲೆಂದು ಗಾಜಿಗೆ ಹೊದಿಸಿದ್ದ ಬಟ್ಟೆ ಸರಿಸಿ ನೋಡುವುದು ಅವಳಿಗೂ ರೂಢಿಯಾಯಿತು. ಮರುವರ್ಷದ ಹೊತ್ತಿಗೆ ಮನೆಮಂದಿ ನೂರು ಮಿಕ್ಕಿದ್ದರು. ರಾಣಿ ಮಾತ್ರ ಒಬ್ಬಳೇ. ಅವಳು ಹೋದರೆ ಇನ್ನೊಬ್ಬಳು ಬರುವುದಿಲ್ಲ, ಗೂಡೇ ಮುಗಿಯುತ್ತದೆ ಎಂದು ಅಜ್ಜಿಗೆ ಹೇಳಿದ್ದೆ. ನನ್ನ ಮಾತೇ ಮುಳುವಾಯಿತು.

ಕಡಲೆಕಾಯಿ ಕೀಳುವ ಕಾಲ. ಎರಡು ದಿನ ಕೆಲಸದ ಮೇಲೆ ಹಿರಿಯೂರಿಗೆ ಹೋಗಿ ಬಂದು ನೋಡುತ್ತೇನೆ, ಗಾಜಿನ ಒಳಗೆಲ್ಲ ಹಬೆ! ಮಣ್ಣು ಕೆಸರಾಗಿದೆ. ಕಾಳಿನ ಕೋಣೆಗಳಲ್ಲಿ ನವಣೆ ಬೆಳ್ಳಗೆ ಮೊಳಕೆ ಒಡೆದಿದೆ. ರಾಣಿ ಎಲ್ಲೂ ಕಾಣಿಸಲಿಲ್ಲ.

"ಏನು ಮಾಡ್ದೆ ಅಜ್ಜಿ?"

"ಏನಿಲ್ಲವ್ವ. ನವಣೆ ನೆನೆಸಿ ಹಾಕಿದೆ. ದಿನಾ ಮೊಟ್ಟೆ ಇಡೋಳು ಅಂದ್ರೆ ಬಾಣಂತಿ ಅಲ್ವೇನೆ? ಬಾಣಂತಿಗೆ ಯಾರಾದ್ರೂ ಗಟ್ಟಿ ಕಾಳು ಕೊಡ್ತಾರಾ? ಬಾಯಾರೀತು ಅಂತ ಒಂದೀಟು ನೀರೂ ಬಿಟ್ಟೆ."

"ಒಂದೀಟಾ?"

"ಅರ್ಧ ಚೊಂಬು."

ನಾನು ಕೂಗಾಡಿಬಿಟ್ಟೆ. ಹನ್ನೊಂದು ಬಾಣಂತನ ಮಾಡಿದ ಕೈ ಅವಳದು. ರಾತ್ರಿ ಅಜ್ಜಿ ಊಟ ಮಾಡಲಿಲ್ಲ.

ಬೆಳಿಗ್ಗೆ ನಾನೇಳುವ ಹೊತ್ತಿಗೆ ಗೂಡು ಮನೆಯಲ್ಲಿರಲಿಲ್ಲ. ಮಾಳಿಗೆಗೆ ಓಡಿದೆ. ಕಿತ್ತು ಮುಗಿದ ಹೊಲಗಳಲ್ಲಿ ಹಕ್ಕಲು ಆಯ್ದು ತಂದ ಕಡಲೆಕಾಯನ್ನು ಅಜ್ಜಿ ಅಲ್ಲಿ ಒಣಹಾಕಿದ್ದಳು. ಅದರ ಪಕ್ಕದಲ್ಲೇ ನನ್ನ ಗೂಡು. ಗಾಜಿನ ಮೇಲೆ ಕಂಬಳಿ ಹೊದಿಸಿ, ಮೇವಿನ ತಟ್ಟೆಯನ್ನು ಮಾತ್ರ ಬಿಸಿಲಿಗೆ ಬಿಟ್ಟಿದ್ದಳು.

"ಕಾಳು ನೆಂದ್ರೆ ಬಿಸಿಲಿಗೆ ಹಾಕಬೇಕು, ಮಂದಿ ನೆರಳಾಗಿರಬೇಕು. ಇದ್ಕೆ ನಿನ್ನ ಟ್ರೇನಿಂಗ್ ಬೇಕಾ?" ಅಂದಳು.

ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ದಂಟಿನ ಬಾಯಿಂದ ಒಂದು ಇರುವೆ ಹೊರಬಂತು, ಬಾಯಲ್ಲಿ ಮೊಳಕೆಯ ಕಾಳು. ತಟ್ಟೆಯ ನಡುವೆ ಇಟ್ಟು ಹಿಂದಿರುಗಿತು. ಅದರ ಹಿಂದೆ ಇನ್ನೊಂದು. ನೋಡುನೋಡುತ್ತಿದ್ದಂತೆ ಸಾಲು ಹಿಡಿಯಿತು. ಕಾಳಿನ ಮೇಲೆ ಕಾಳು ಬೀಳದಂತೆ ಹರವುತ್ತಿದ್ದವು. ಕೆಲವು ಅಲ್ಲೇ ಕೂತು ಮೊಳಕೆಯನ್ನು ಕಚ್ಚಿ ಕತ್ತರಿಸಿ ಪಕ್ಕಕ್ಕೆ ಹಾಕುತ್ತಿದ್ದವು, ಕಾಳು ಗಿಡವಾಗಿ ಕೆಟ್ಟುಹೋಗದಂತೆ!

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಕಣ ಮಾಡ್ಯಾವಲ್ಲೇ! ಯಾರು ಹೇಳಿಕೊಟ್ರೇ ಇವಕ್ಕೆ?"

ನನಗೇನು ಗೊತ್ತು? ನಾನೂ ಅವಳಷ್ಟೇ ಬೆರಗಾಗಿದ್ದೆ. ಅವತ್ತು ಭಾನುವಾರ, ನಾವು ಕೆಳಗೆ ಇಳಿಯಲೇ ಇಲ್ಲ.

ಮೂರರ ಸುಮಾರಿಗೆ ಕಾಳೆಲ್ಲ ಗಲಗಲ ಒಣಗಿತ್ತು. ಆಗ ಇದ್ದಕ್ಕಿದ್ದಂತೆ ಸಾಲು ತಿರುಗಿತು. ಹರವಿದ್ದ ಕಾಳನ್ನು ಅವಸರ ಅವಸರವಾಗಿ ಒಳಗೆ ಸಾಗಿಸತೊಡಗಿದವು. ಬಿಸಿಲು ಇನ್ನೂ ಹಾಗೇ ಇತ್ತು. ಅಜ್ಜಿ ಒಮ್ಮೆ ಇರುವೆ ನೋಡಿದಳು, ಒಮ್ಮೆ ಆಕಾಶ ನೋಡಿದಳು. ಮೂಡಲಲ್ಲಿ ಅಂಗೈಯಗಲದ ಮೋಡ.

"ಚೀಲ ತಗೊಂಬಾರೇ! ಕಾಯಿ ತುಂಬಾಣ."

"ಬಿಸಿಲೈತಲ್ಲಜ್ಜಿ?"

"ಅವು ನನಗಿಂತ ಹಳೇ ರೈತರು ಕಣೆ. ತಗೊಂಬಾ ಅಂದ್ರೆ!"

ಕೊನೆಯ ಚೀಲ ಇಳಿಸಿ, ಗೂಡನ್ನು ಎದೆಗವಚಿಕೊಂಡು ಏಣಿ ಇಳಿಯುವಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದವು.

ಗಾಜಿನ ಹಬೆ ಆರಲು ಇನ್ನೂ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅಜ್ಜಿ ಆ ಬಟ್ಟೆ ಸರಿಸಲಿಲ್ಲ. ನೋಡಲು ಧೈರ್ಯವಿರಲಿಲ್ಲ ಅವಳಿಗೆ. ಐದನೆಯ ದಿನ ನಾನೇ ಸರಿಸಿದೆ. ಮೇಲಿನ ಮೂಲೆಯ ಒಣಗಿದ ಕೋಣೆಯಲ್ಲಿ ರಾಣಿ ಕೂತಿದ್ದಳು. ಮಕ್ಕಳು ಸುತ್ತ ನಿಂತು ನೆಕ್ಕುತ್ತಿದ್ದವು. ಪಕ್ಕದಲ್ಲಿ ರವೆಯ ಹಾಗೆ ಮೊಟ್ಟೆಗಳ ಪುಟ್ಟ ರಾಶಿ.

"ಅಜ್ಜೀ, ರಾಣಿ ಅವ್ಳೆ!" ಎಂದು ಕೂಗಿದೆ.

ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಗ್ಗಿ ನೋಡಿದಳು. ಆಮೇಲೆ ಮುಷ್ಟಿ ಬಿಚ್ಚಿ ಒಂದು ಚಿಟಿಕೆ ನವಣೆಯನ್ನು ತಟ್ಟೆಗೆ ಉದುರಿಸಿದಳು. ಒಣ ನವಣೆ.